ಜೆ.ಪಿ. ನಾಯಕ್: ಲೆಕ್ಕ ಮುಚ್ಚದ ಸದಸ್ಯ-ಕಾರ್ಯದರ್ಶಿ

(ಪುಣೆಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಸೇರಿ ಕೇಳುವ ಉಪನ್ಯಾಸಗಳ ಸಾಲಿನಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನು ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಕೊನೆಯಲ್ಲಿ ಉತ್ತರವಿದೆ.)

ಇಡೀ ದೇಶದ ಶಿಕ್ಷಣವನ್ನು ಪರಿಶೀಲಿಸಿದ 1964-66ರ ಶಿಕ್ಷಣ ಆಯೋಗದ ವರದಿ, ಅಂದರೆ ಕೋಠಾರಿ ಆಯೋಗದ ವರದಿ ಎಂದು ನಾವು ಕರೆಯುವ ಆ ದಪ್ಪ ಪುಸ್ತಕವನ್ನು ಓದದವರೂ ಅದರ ಮೊದಲ ವಾಕ್ಯವನ್ನು ಬಲ್ಲರು. ಭಾರತದ ಭವಿಷ್ಯ ಅದರ ತರಗತಿಗಳಲ್ಲಿ ರೂಪುಗೊಳ್ಳುತ್ತಿದೆ ಎಂಬ ಆ ಮಾತನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳದ ಅಧಿಕಾರಿಯನ್ನು ನಾನು ಕಂಡಿಲ್ಲ. ನಾನೂ ಹತ್ತಾರು ಸಲ ಹೇಳಿದ್ದೇನೆ. ಭೌತವಿಜ್ಞಾನಿಯೂ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರೂ ಆಗಿದ್ದ ಡಿ.ಎಸ್. ಕೋಠಾರಿಯವರ ಹೆಸರು ಆ ವರದಿಗೆ ಅಂಟಿಕೊಂಡಿತು. ಆದರೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುವಂತೆ ಯಾವುದೇ ಆಯೋಗದಲ್ಲಿ ಕಡತ ಯಾರ ಮೇಜಿನ ಮೇಲಿರುತ್ತದೆಯೋ, ಕರಡನ್ನು ಯಾರು ಸಿದ್ಧಪಡಿಸುತ್ತಾರೋ ಅವರದ್ದೇ ಬೇರೊಂದು ಸ್ಥಾನ. ಆ ಸ್ಥಾನಕ್ಕೆ ಸದಸ್ಯ-ಕಾರ್ಯದರ್ಶಿ ಎಂದು ಹೆಸರು. 1964ರ ಜುಲೈ 14ರ ಠರಾವಿನಿಂದ ಹುಟ್ಟಿ, ಅದೇ ವರ್ಷ ಗಾಂಧಿ ಜಯಂತಿಯಂದು ಕೆಲಸಕ್ಕೆ ತೊಡಗಿ, 1966ರ ಜೂನ್ 29ರಂದು ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರಿಗೆ ವರದಿ ಒಪ್ಪಿಸಿದ ಈ ಆಯೋಗದಲ್ಲಿ ಆ ಸ್ಥಾನದಲ್ಲಿದ್ದವರು ಜಯಂತ ಪಾಂಡುರಂಗ ನಾಯಕ್. ಪುಣೆಯ ನಮ್ಮ ಕೋಥ್ರೂಡ್ ಬಡಾವಣೆಯಲ್ಲಿ ಅವರ ಹೆಸರಿನ ರಸ್ತೆ ಇದೆ, ಅವರ ಸಂಸ್ಥೆಯೂ ಇದೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮವರಲ್ಲಿ ಬಹಳ ಮಂದಿಗೆ ಅವರ ಸಾರ್ವಜನಿಕ ಬದುಕು ಶುರುವಾದದ್ದು ಕನ್ನಡದ ಊರೊಂದರಲ್ಲಿ ಎಂಬುದು ತಿಳಿದಿಲ್ಲ.

ಅವರು 1907ರ ಸೆಪ್ಟೆಂಬರ್ 5ರಂದು ಕೊಲ್ಲಾಪುರ ಸೀಮೆಯ ಆಜರಾ ತಾಲ್ಲೂಕಿನ ಬಹಿರೇವಾಡಿಯಲ್ಲಿ ಹುಟ್ಟಿದರು. ಗಡಹಿಂಗ್ಲಜದ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಆ ನೆಲದ ಗುಣ ಅವರಿಗೆ ಗೊತ್ತು. ಸಂತೆಯಲ್ಲಿ ಮರಾಠಿಯೂ ಕನ್ನಡವೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರದೇಶ ಅದು. ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ್ದು 1917ರಲ್ಲಿ. ಅದಕ್ಕೂ ಆರು ವರ್ಷ ಮೊದಲು, ನಮ್ಮ ಪುಣೆಯ ಗೋಪಾಲಕೃಷ್ಣ ಗೋಖಲೆಯವರು ಇದೇ ಬೇಡಿಕೆಯ ಮಸೂದೆಯನ್ನು ವೈಸ್‌ರಾಯ್ ಅವರ ಶಾಸನ ಸಭೆಯ ಮುಂದಿಟ್ಟಿದ್ದರು; 1912ರಲ್ಲಿ ಅದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ದೊಡ್ಡ ಸಾಮ್ರಾಜ್ಯ ಹಣವಿಲ್ಲವೆಂದು ಕೈಚೆಲ್ಲಿದ್ದನ್ನು ಸಣ್ಣ ಸಂಸ್ಥಾನವೊಂದು ಕೈಗೆತ್ತಿಕೊಂಡಿತು ಎಂಬ ಸಂಗತಿ ಆ ಸೀಮೆಯ ಹುಡುಗನ ಮನಸ್ಸಿನಲ್ಲಿ ಉಳಿಯದೆ ಇದ್ದೀತೇ? ಇದು ನನ್ನ ಊಹೆ ಮಾತ್ರ, ಆದರೆ ಮುಂದೆ ಅವರು ಬರೆದದ್ದನ್ನೆಲ್ಲ ಓದುವಾಗ ಈ ಊಹೆ ಮತ್ತೆ ಮತ್ತೆ ಬರುತ್ತದೆ.

ನಾಯಕ್ ಗಣಿತದವರು. ಧಾರವಾಡದ ಕರ್ನಾಟಕ ಕಾಲೇಜಿನ ನಂಟು ಅವರಿಗಿತ್ತು. ಆಗ ಧಾರವಾಡ ಮುಂಬಯಿ ಇಲಾಖೆಯ ಊರು. ಪುಣೆ, ಕೊಲ್ಲಾಪುರ, ಬೆಳಗಾವಿ, ಧಾರವಾಡಗಳ ನಡುವೆ ವಿದ್ಯಾವಂತರು ಒಂದೇ ಮನೆಯ ಕೋಣೆಗಳ ನಡುವೆ ಓಡಾಡಿದಂತೆ ಓಡಾಡುತ್ತಿದ್ದರು. 1930ರ ದಶಕದ ಆರಂಭದ ಕಾನೂನುಭಂಗ ಚಳವಳಿಯಲ್ಲಿ ಸೇರಿದ ಈ ತರುಣ ಬಳ್ಳಾರಿ ಜೈಲಿಗೆ ಹೋದರು, ಅಲ್ಲಿ ಕಾಯಿಲೆ ಬಿದ್ದ ಕೈದಿಗಳ ಶುಶ್ರೂಷೆ ಮಾಡುತ್ತ ಔಷಧೋಪಚಾರವನ್ನು ಕಲಿತರು. ಹೊರಗೆ ಬಂದ ಮೇಲೆ ನೆಲೆಸಿದ್ದು ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ. ಗ್ರಾಮ ಸುಧಾರಣೆ ಎಂದು ಆಗ ಕರೆಯುತ್ತಿದ್ದ ಕೆಲಸ ಅದು: ನೈರ್ಮಲ್ಯ, ಔಷಧ, ಶಾಲೆ, ಊರಿನ ಜಗಳಗಳ ತೀರ್ಮಾನ. ದೆಹಲಿಯ ಶಿಕ್ಷಣ ಸಚಿವಾಲಯದಲ್ಲಿ ಮುಂದೆ ಸಲಹೆಗಾರರಾಗಿ ಕುಳಿತಾಗ ಅವರ ಎದುರು ಐ.ಸಿ.ಎಸ್. ಪರೀಕ್ಷೆ ಗೆದ್ದು ಬಂದ ಅಧಿಕಾರಿಗಳಿದ್ದರು, ಕೇಂಬ್ರಿಜ್‌ನಲ್ಲಿ ಓದಿದವರಿದ್ದರು. ನಾಯಕ್ ಹಾಗೆ ಮೇಲಿನಿಂದ ಇಳಿದು ಬಂದವರಲ್ಲ. ಕರಿ ಮಣ್ಣಿನ ಊರೊಂದರಲ್ಲಿ ಬಿತ್ತನೆಯ ಕಾಲಕ್ಕೆ ಶಾಲೆ ಏಕೆ ಖಾಲಿಯಾಗುತ್ತದೆ ಎಂಬುದನ್ನು ಅವರು ಯಾವ ವರದಿಯಿಂದಲೂ ಕಲಿಯಬೇಕಾಗಿರಲಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಕೊಲ್ಲಾಪುರ ಸಂಸ್ಥಾನದ ಆಡಳಿತದಲ್ಲಿ ಅಭಿವೃದ್ಧಿಯ ಹೊಣೆ ಹೊತ್ತರು. 1943ರಲ್ಲಿ ಸೈಯದ್ ನೂರುಲ್ಲಾ ಅವರೊಡನೆ ಬ್ರಿಟಿಷರ ಕಾಲದ ಭಾರತೀಯ ಶಿಕ್ಷಣದ ಇತಿಹಾಸ ಬರೆದರು, ನಾನು ಬಿ.ಎಡ್. ಓದುವಾಗಲೂ "ನೂರುಲ್ಲಾ-ನಾಯಕ್" ಎಂದರೆ ಸಾಕಿತ್ತು, ಪುಸ್ತಕದ ಹೆಸರು ಹೇಳಬೇಕಿರಲಿಲ್ಲ. 1948ರಲ್ಲಿ ಮುಂಬಯಿಯಲ್ಲಿ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆಯೇ 1976ರಲ್ಲಿ ಪುಣೆಗೆ ಬಂತು. ಗಾರಗೋಟಿಯ ಮೌನಿ ವಿದ್ಯಾಪೀಠವನ್ನು ಕಟ್ಟುವುದರಲ್ಲಿ ಪಾಲುಗೊಂಡರು. ಒಬ್ಬನೇ ಮಾಸ್ತರರಿರುವ ಶಾಲೆಯನ್ನು ಹೇಗೆ ನಡೆಸಬೇಕೆಂಬ ವಿಷಯಕ್ಕೇ ಒಂದು ಇಡೀ ಪುಸ್ತಕ ಬರೆದರು. ಆ ಕಾಲದ ಶಿಕ್ಷಣತಜ್ಞರು ಶೀಲ, ಸಂಸ್ಕೃತಿ, ರಾಷ್ಟ್ರೀಯತೆ ಎಂದು ಬರೆಯುತ್ತಿದ್ದಾಗ ಇವರು ಒಬ್ಬ ಮಾಸ್ತರ, ನಾಲ್ಕು ಇಯತ್ತೆ (ಅಂದರೆ ತರಗತಿ), ಒಂದು ಕೋಣೆ ಎಂದು ಬರೆಯುತ್ತಿದ್ದರು.

ಈಗ ಆಯೋಗಕ್ಕೆ ಬರೋಣ. ಅದಕ್ಕೂ ಮೊದಲು 1948-49ರಲ್ಲಿ ರಾಧಾಕೃಷ್ಣನ್ ಆಯೋಗ ವಿಶ್ವವಿದ್ಯಾಲಯಗಳನ್ನಷ್ಟೇ ನೋಡಿತ್ತು, 1952-53ರಲ್ಲಿ ಮುದಲಿಯಾರ್ ಆಯೋಗ ಮಾಧ್ಯಮಿಕ ಶಿಕ್ಷಣವನ್ನಷ್ಟೇ ನೋಡಿತ್ತು. ವೈದ್ಯಕೀಯ ಮತ್ತು ಕಾನೂನು ಶಿಕ್ಷಣವನ್ನು ಬಿಟ್ಟು ಉಳಿದೆಲ್ಲವನ್ನೂ, ಬಾಲವಾಡಿಯಿಂದ ಪಿಎಚ್.ಡಿ.ಯವರೆಗೆ, ಒಂದೇ ಚೌಕಟ್ಟಿನಲ್ಲಿ ನೋಡಿದ್ದು ಇದೇ ಮೊದಲು. ಹದಿನೇಳು ಸದಸ್ಯರಲ್ಲಿ ಇಂಗ್ಲೆಂಡ್, ಅಮೆರಿಕ, ಫ್ರಾನ್ಸ್, ಸೋವಿಯತ್ ಒಕ್ಕೂಟ, ಜಪಾನುಗಳಿಂದ ಬಂದವರೂ ಇದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಮುಖ್ಯಸ್ಥೆಯಾಗಿದ್ದ ಕುಮಾರಿ ಎಸ್. ಪಾಣಂದೀಕರ್ ಅವರೂ ಒಬ್ಬ ಸದಸ್ಯೆ ಎಂಬುದನ್ನು ಈ ಸಭೆಯಲ್ಲಿ ಹೇಳಲೇಬೇಕು. ಹನ್ನೆರಡು ಕಾರ್ಯಪಡೆಗಳು, ಏಳು ಕಾರ್ಯತಂಡಗಳು, ಸುಮಾರು ನೂರು ದಿನಗಳ ಪ್ರವಾಸ, ಒಂಬತ್ತು ಸಾವಿರದಷ್ಟು ಜನರೊಡನೆ ಮಾತುಕತೆ, 2,400ರಷ್ಟು ಮನವಿಗಳು. ಇಷ್ಟನ್ನೂ 21 ತಿಂಗಳಲ್ಲಿ ಒಂದು ಹೊಲಿಗೆಗೆ ತರುವ ಕೆಲಸ ಸದಸ್ಯ-ಕಾರ್ಯದರ್ಶಿಯದು. ತಾಲ್ಲೂಕು ಮಟ್ಟದ ಸಮಿತಿಯೊಂದರ ಆರು ಪುಟದ ಟಿಪ್ಪಣಿಯನ್ನು ಒಪ್ಪಿತವಾಗುವಂತೆ ಬರೆಯಲು ನಾನು ಮೂರು ತಿಂಗಳು ತೆಗೆದುಕೊಂಡಿದ್ದೆ ಎಂಬ ನೆನಪಿನೊಡನೆ ಈ ಅಂಕಿಗಳನ್ನು ಓದುತ್ತೇನೆ.

ಇಲ್ಲಿ ಒಂದು ಸಂವಿಧಾನದ ಮಾತನ್ನು ನೆನಪಿಡಬೇಕು, ಇಲ್ಲದಿದ್ದರೆ ನಾಯಕರ ಕೆಲಸದ ಕಷ್ಟ ತಿಳಿಯುವುದಿಲ್ಲ. ಆಗ ಶಿಕ್ಷಣವು ರಾಜ್ಯಗಳ ಪಟ್ಟಿಯಲ್ಲಿತ್ತು. ಅದು ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಗೆ ಬಂದದ್ದು 1976ರ 42ನೆಯ ತಿದ್ದುಪಡಿಯಿಂದ. ಅಂದರೆ ದೆಹಲಿಯಲ್ಲಿ ಕುಳಿತ ಸಲಹೆಗಾರನು ಮುಂಬಯಿಯ ಅಥವಾ ಬೆಂಗಳೂರಿನ ಶಿಕ್ಷಣ ಇಲಾಖೆಗೆ ಒಂದು ಅಪ್ಪಣೆಯನ್ನೂ ಕೊಡುವಂತಿರಲಿಲ್ಲ. ಅವನ ಕೈಯಲ್ಲಿದ್ದ ಸಾಧನಗಳು ಮೂರು: ಪಂಚವಾರ್ಷಿಕ ಯೋಜನೆಯ ಹಣ, ರಾಜ್ಯಗಳ ಸಚಿವರು ಸೇರುವ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿಯ ಸಭೆ ಮತ್ತು ಎದುರಿನವರು ಅಲ್ಲಗಳೆಯಲಾಗದಂತೆ ಅಂಕಿಗಳನ್ನು ಜೋಡಿಸಿ ಬರೆದ ಟಿಪ್ಪಣಿ. ಮೊದಲಿನ ಎರಡು ಎಲ್ಲ ಅಧಿಕಾರಿಗಳಿಗೂ ಇದ್ದವು. ಮೂರನೆಯದರಲ್ಲಿ ನಾಯಕರಿಗೆ ಸರಿಸಾಟಿ ಇರಲಿಲ್ಲ.

ವರದಿಯ ಹಣಕಾಸಿನ ಅಧ್ಯಾಯವನ್ನು ತೆಗೆದು ನೋಡಿ. 1965-66ರಲ್ಲಿ ದೇಶವು ತಲಾ 12 ರೂಪಾಯಿಯನ್ನು ಶಿಕ್ಷಣಕ್ಕೆ ಖರ್ಚು ಮಾಡುತ್ತಿದೆ. 1985-86ರ ಹೊತ್ತಿಗೆ, ಬೆಲೆಗಳು ಬದಲಾಗಲಿಲ್ಲ ಎಂದು ಹಿಡಿದರೆ, ಅದು 54 ರೂಪಾಯಿ ಆಗಬೇಕು. ರಾಷ್ಟ್ರೀಯ ಆದಾಯದಲ್ಲಿ ಶಿಕ್ಷಣದ ಪಾಲು ಶೇಕಡ 2.9ರಿಂದ 6ಕ್ಕೆ ಏರಬೇಕು. ಇಂದು ಪ್ರತಿಯೊಂದು ವೇದಿಕೆಯಲ್ಲೂ ಕೇಳುವ "ಶೇಕಡ ಆರು" ಹುಟ್ಟಿದ್ದು ಇಲ್ಲಿ. ಅದು ಘೋಷಣೆಯಾಗಿ ಹುಟ್ಟಲಿಲ್ಲ, ಲೆಕ್ಕವಾಗಿ ಹುಟ್ಟಿತು: ಇಷ್ಟು ಮಕ್ಕಳು, ಇಷ್ಟು ಶಿಕ್ಷಕರು, ಶಿಕ್ಷಕರಿಗೆ ಇಷ್ಟು ಸಂಬಳ, ಆರ್ಥಿಕತೆ ವರ್ಷಕ್ಕೆ ಶೇಕಡ 6ರಂತೆ ಬೆಳೆದರೆ ಇಷ್ಟು ಹಣ. ಬೆಳವಣಿಗೆ ಆ ವೇಗದಲ್ಲಿ ಆಗಲಿಲ್ಲ, ಆದ್ದರಿಂದ ಅಡಿಪಾಯವೇ ಕುಸಿಯಿತು. ಆದರೂ 1968ರ ರಾಷ್ಟ್ರೀಯ ಶಿಕ್ಷಣ ನೀತಿ ಶೇಕಡ ಆರನ್ನು ಆದಷ್ಟು ಬೇಗ ಮುಟ್ಟಬೇಕೆಂದಿತು. 1986ರ ನೀತಿ ಎಂಟನೆಯ ಯೋಜನೆಯಿಂದ ಅದನ್ನು ಮೀರುತ್ತೇವೆ ಎಂದಿತು. 2020ರ ನೀತಿ ಮತ್ತೆ ಆದಷ್ಟು ಬೇಗ ಎಂದಿದೆ. ಲೆಕ್ಕ ಕಳಚಿ ಬಿದ್ದು ಅಂಕಿ ಮಾತ್ರ ಉಳಿದುಕೊಂಡಿತು.

ಉಳಿದ ಶಿಫಾರಸುಗಳಲ್ಲಿ ನಮ್ಮ ಮನೆಗಳವರೆಗೆ ಬಂದದ್ದು 10+2+3: ಹತ್ತು ವರ್ಷ ಶಾಲೆ, ಎರಡು ವರ್ಷ ಉನ್ನತ ಮಾಧ್ಯಮಿಕ, ಮೂರು ವರ್ಷ ಪದವಿ. ನಾನು ಹನ್ನೊಂದನೆಯ ಇಯತ್ತೆಗೆ ಎಸ್.ಎಸ್.ಸಿ. ಬರೆದವನು, ನನ್ನ ತಮ್ಮ ಹತ್ತನೆಯ ಇಯತ್ತೆಗೇ ಬರೆದ. ಒಂದು ವರ್ಷ ಕಡಿಮೆ ಓದಿದೆ ಎಂದು ನಮ್ಮ ತಾಯಿ ಅವನನ್ನು ಬಹಳ ದಿನ ಅರೆ ಮ್ಯಾಟ್ರಿಕ್ ಎಂದೇ ಕರೆದರು. ಆದರೆ ಆ ಎರಡು ವರ್ಷಗಳ ಹಂತವನ್ನು ಆಯೋಗ ಕಲ್ಪಿಸಿದ್ದು ಬೇರೆಯದೇ ಉದ್ದೇಶಕ್ಕೆ. ಅಲ್ಲಿನ ಅರ್ಧದಷ್ಟು ಮಕ್ಕಳು ಕೈಕಸುಬು, ಯಂತ್ರ, ಕೃಷಿ ಮೊದಲಾದ ವೃತ್ತಿ ಶಿಕ್ಷಣಕ್ಕೆ ಹೋಗುತ್ತಾರೆ ಎಂಬ ಎಣಿಕೆ ಅದರದು. ಚೌಕಟ್ಟು ಬಂತು, ಎಣಿಕೆ ಬರಲಿಲ್ಲ. ಹನ್ನೊಂದು-ಹನ್ನೆರಡು ಎಂದರೆ ಪ್ರವೇಶ ಪರೀಕ್ಷೆಯ ಕ್ಲಾಸು ಎಂದು ತಿಳಿದಿರುವ ಈ ಪುಣೆ ನಗರದಲ್ಲಿ ಅದನ್ನು ವಿವರಿಸಬೇಕಾಗಿಲ್ಲ.

ನೆರೆಹೊರೆಯ ಶಾಲೆಯ ಗತಿ ಇನ್ನೂ ವಿಚಿತ್ರವಾದದ್ದು. ಒಂದು ಬಡಾವಣೆಯ ಎಲ್ಲ ಮಕ್ಕಳೂ, ಜಾತಿ, ಹಣ, ಭಾಷೆಗಳ ಭೇದವಿಲ್ಲದೆ, ಅಲ್ಲಿನ ಒಂದೇ ಶಾಲೆಗೆ ಹೋಗಬೇಕು, ಕೆಳ ಪ್ರಾಥಮಿಕ ಹಂತದಿಂದ ಇದನ್ನು ಶುರುಮಾಡಬೇಕು ಎಂಬುದು ಆಯೋಗದ ಮಾತು. 1967ರ ಚುನಾವಣೆಯ ನಂತರ ಆಯೋಗದ ಸದಸ್ಯರೇ ಆಗಿದ್ದ ತ್ರಿಗುಣ ಸೇನ್ ಶಿಕ್ಷಣ ಸಚಿವರಾದರು. ಇದಕ್ಕಿಂತ ಒಳ್ಳೆಯ ಕಾಲ ಯಾವ ವರದಿಗೆ ಬಂದೀತು? 1968ರ ನೀತಿಯಲ್ಲಿ ಸಮಾನ ಶಾಲೆ ಎಂಬ ಮಾತು ಸೇರಿತು. 1986ರಲ್ಲಿ ಮತ್ತೆ ಸೇರಿತು. ಒಂದು ರಾಜ್ಯದಲ್ಲಿಯೂ ಅದು ನಡೆಯಲಿಲ್ಲ. ನೀತಿಯ ಕಾಗದದಲ್ಲಿ ಒಂದು ಸಾಲು ಉಳಿಯುವುದಕ್ಕೂ ಅದು ಜಾರಿಯಾಗುವುದಕ್ಕೂ ನಡುವೆ ಇರುವ ದೂರವನ್ನು ನಾಯಕ್ ಅಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇರಲಾರರು.

ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ. ವರದಿ ಒಪ್ಪಿಸಿದ ಮೇಲೆ ಆಯೋಗಗಳು ಚದುರುತ್ತವೆ, ಅಧ್ಯಕ್ಷರಿಗೆ ಪದವಿ ಬರುತ್ತದೆ, ಕಾರ್ಯದರ್ಶಿಗೆ ವರ್ಗವಾಗುತ್ತದೆ. ನಾಯಕ್ ಮಾತ್ರ ತಮ್ಮ ವರದಿಯನ್ನು ಬಿಡಲಿಲ್ಲ. ಯಾವ ಶಿಫಾರಸು ಜಾರಿಯಾಯಿತು, ಯಾವುದು ತಿರಸ್ಕೃತವಾಯಿತು, ಯಾವುದನ್ನು ಯಾರೂ ಮುಟ್ಟಲೇ ಇಲ್ಲ ಎಂದು ಹದಿನೈದು ವರ್ಷ ಗುರುತು ಹಾಕುತ್ತ ಹೋದರು. ತಮ್ಮದೇ ಲೇಖನಿಯಿಂದ ಬಂದ ವರದಿಯ ತಪಾಸಣೆಗೆ ತಾವೇ ಕುಳಿತು ಬರೆದ ಪುಸ್ತಕ ಅವರು ತೀರಿಕೊಂಡ ಮರುವರ್ಷ, 1982ರಲ್ಲಿ, ಪ್ರಕಟವಾಯಿತು. ಸರ್ಕಾರ ಕೇಳಲಿಲ್ಲ, ರಾಜ್ಯಗಳು ಸಹಕರಿಸಲಿಲ್ಲ ಎಂದು ದೂರಿ ಮುಗಿಸುವುದು ಸುಲಭವಿತ್ತು. ಅವರು ತಮ್ಮ ಆಯೋಗದ ಎಣಿಕೆ ಎಲ್ಲಿ ತಪ್ಪಿತು ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ಬರೆದರು. ನಿವೃತ್ತ ಅಧಿಕಾರಿಗಳ ನೆನಪಿನ ಪುಸ್ತಕಗಳನ್ನು ನಾನು ಸಾಕಷ್ಟು ಓದಿದ್ದೇನೆ. ಈ ಬಗೆಯ ಬರವಣಿಗೆ ಅವುಗಳಲ್ಲಿ ಸಿಗುವುದು ಬಹಳ ಅಪರೂಪ.

ಅವರ ನಿರಂತರ ಲೆಕ್ಕ ಪ್ರಾಥಮಿಕ ಶಿಕ್ಷಣದ್ದು. ಸಂವಿಧಾನದ 45ನೆಯ ಅನುಚ್ಛೇದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ, ಅಂದರೆ 1960ರೊಳಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದಿತ್ತು. ಆಗಲಿಲ್ಲ. ಆಯೋಗವು 1975-76ಕ್ಕೆ ಎಲ್ಲರಿಗೂ ಐದು ವರ್ಷದ, 1985-86ಕ್ಕೆ ಏಳು ವರ್ಷದ ಒಳ್ಳೆಯ ಶಿಕ್ಷಣ ಎಂದು ಹೊಸ ಗಡುವು ಹಾಕಿತು. ಅದೂ ಆಗಲಿಲ್ಲ. ಏಕೆ? ಶಾಲೆಗಳ ಸಂಖ್ಯೆ ಏರುತ್ತಿತ್ತು, ಮೊದಲ ಇಯತ್ತೆಯ ದಾಖಲಾತಿಯೂ ಏರುತ್ತಿತ್ತು. ಆದರೆ ಸೇರಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾಥಮಿಕ ಹಂತ ಮುಗಿಸುವ ಮೊದಲೇ ಕಾಣೆಯಾಗುತ್ತಿದ್ದರು. ಮರಾಠಿಯಲ್ಲಿ ಇದಕ್ಕೆ "ಗಳತಿ" ಎನ್ನುತ್ತಾರೆ, ಸೋರಿಕೆ. ಮಾಳಿಗೆ ಸೋರಿದರೆ ತಪ್ಪು ನೀರಿನದಲ್ಲ, ಮಾಳಿಗೆಯದು. ಹಾಗಿದ್ದರೂ ನಮ್ಮ ಇಲಾಖೆಯ ಭಾಷೆಯಲ್ಲಿ ತಪ್ಪು ಯಾವಾಗಲೂ ಮಗುವಿನದು, ಮಗುವಿನ ತಂದೆಯದು.

ನಾಯಕರು ಮಾಳಿಗೆಯನ್ನು ನೋಡಿದರು. ನಮ್ಮ ಶಾಲೆಗೆ ಒಂದೇ ಬಾಗಿಲು: ಆರನೆಯ ವಯಸ್ಸಿಗೆ ಒಂದನೆಯ ಇಯತ್ತೆಗೆ ಬರಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತಿರಬೇಕು, ವರ್ಷಕ್ಕೊಂದು ಮೆಟ್ಟಿಲು ಹತ್ತಬೇಕು. ದನ ಕಾಯುವ ಒಂಬತ್ತು ವರ್ಷದ ಹುಡುಗ, ತಂಗಿಯನ್ನು ಸೊಂಟದ ಮೇಲೆ ಹೊತ್ತ ಹನ್ನೊಂದರ ಹುಡುಗಿ ಆ ಬಾಗಿಲನ್ನು ದಾಟಿಹೋಗಿದ್ದಾರೆ; ಅವರಿಗೆ ಮತ್ತೆ ಒಳಗೆ ಬರುವ ದಾರಿ ಇಲ್ಲ. ಆದ್ದರಿಂದ ಒಂದು ಮತ್ತು ಎರಡನೆಯ ಇಯತ್ತೆಗಳನ್ನು ನಾಪಾಸು ಮಾಡದೆ ಒಂದೇ ಘಟಕವಾಗಿ ನಡೆಸಬೇಕು, ಒಂಬತ್ತಕ್ಕೂ ಹನ್ನೊಂದಕ್ಕೂ ಸೇರುವಂತಿರಬೇಕು, ದುಡಿಯುವ ಮಕ್ಕಳಿಗೆ ಅರೆಕಾಲಿಕ ತರಗತಿಗಳಿರಬೇಕು ಎಂದು ಅವರು ವಾದಿಸಿದರು. ಪುಣೆಗೆ ಬಂದ ಮೇಲೆ ಅವರ ಸಂಸ್ಥೆಯು ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿ ತರಗತಿಗಳನ್ನು ನಡೆಸಿತು. ಅವರ ಪತ್ನಿ, ಮಹಾರಾಷ್ಟ್ರದ ಶಿಕ್ಷಣ ನಿರ್ದೇಶಕರೂ ಮುಂದೆ ಯೋಜನಾ ಆಯೋಗದ ಸದಸ್ಯರೂ ಆದ ಚಿತ್ರಾ ನಾಯಕ್, ಆ ಕೆಲಸವನ್ನು ಅವರ ನಂತರವೂ ನಡೆಸಿದರು. ಕಂದೀಲಿನ ಬೆಳಕು, ಊರಿನವರಲ್ಲೇ ಆರಿಸಿದ ಶಿಕ್ಷಕ, ದಿನವಿಡೀ ಹೊಲದಲ್ಲಿದ್ದು ಬಂದ ಹುಡುಗಿಯರು.

ಈ ವಿಷಯದಲ್ಲಿ ನಾನು ಅವರೊಡನೆ ಪೂರ್ತಿ ಒಪ್ಪುವುದಿಲ್ಲ. ಸಮಾನ ಶಾಲೆ ಬೇಕು ಎಂದ ಲೇಖನಿಯೇ ಬಡ ಮಕ್ಕಳಿಗೆ ಬೇರೆ ವೇಳೆಯ, ಬೇರೆ ಶಿಕ್ಷಕನ ತರಗತಿ ಬೇಕು ಎಂದೂ ಬರೆಯಿತು. ನಾಯಕರ ಕೈಯಲ್ಲಿ ಅದು ಶಾಲೆಗೆ ಮರಳುವ ಎರಡನೆಯ ಬಾಗಿಲು. ಇಲಾಖೆಗಳ ಕೈಗೆ ಬಂದಾಗ ಅದು ಅಗ್ಗದ ಶಾಲೆಯಾಯಿತು, ಖರ್ಚು ಉಳಿಸುವ ನೆಪವಾಯಿತು. ಒಳ್ಳೆಯ ಅಧಿಕಾರಿ ತನ್ನ ಸಲಹೆಯನ್ನು ಕೆಟ್ಟ ಅಧಿಕಾರಿ ಹೇಗೆ ಬಳಸಬಹುದು ಎಂಬುದನ್ನೂ ಲೆಕ್ಕ ಹಾಕಬೇಕಿತ್ತು. ಸಮಾನತೆ, ಗುಣಮಟ್ಟ, ಪ್ರಮಾಣ ಎಂಬ ಮೂರು ಒಟ್ಟಿಗೆ ಕೈಗೆ ಸಿಗದ ತ್ರಿಕೋನ ಎಂದು 1975ರಲ್ಲಿ ಬರೆದವರು ಅವರೇ. ಪ್ರಮಾಣದ ಬೆನ್ನು ಹತ್ತಿದಾಗ ಸಮಾನತೆಯ ಮೂಲೆ ಸ್ವಲ್ಪ ಮಸುಕಾಯಿತೇನೋ.

ಕೆಟ್ಟ ಅಧಿಕಾರಿ ಎಂದಾಗ ಬೇರೆಯವರತ್ತ ಬೆರಳು ತೋರಿಸುತ್ತಿಲ್ಲ. ತೊಂಬತ್ತರ ದಶಕದಲ್ಲಿ ನಾನು ಶಿಕ್ಷಣ ವಿಸ್ತಾರ ಅಧಿಕಾರಿಯಾಗಿದ್ದಾಗ ಶಾಲೆಯ ಹೊರಗಿರುವ ಮಕ್ಕಳ ಸಮೀಕ್ಷೆ ಮಾಡಬೇಕಾಗಿತ್ತು. ನಗರದ ಅಂಚಿನ ಒಂದು ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಇಂಡಿ, ಅಫಜಲಪುರದ ಕಡೆಯ ಕುಟುಂಬಗಳಿದ್ದವು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಹೆಣ್ಣುಮಕ್ಕಳು ಹಿಗ್ಗಿ, "ಕುಂದರ್ರಿ ಸಾಹೇಬ್ರ, ಚಾ ಕುಡದು ಹೋಗ್ರಿ" ಎಂದು ಕೂಡಿಸಿಕೊಂಡರು. ಶಾಲೆಯ ವಯಸ್ಸಿನ ಹನ್ನೊಂದು ಮಕ್ಕಳನ್ನು ಎಣಿಸಿದೆ. ಪಟ್ಟಿಯಲ್ಲಿ ಬರೆಯಲಿಲ್ಲ. ಬರೆದರೆ ಹತ್ತಿರದ ಶಾಲೆಯ ದಾಖಲಾತಿ ಪಟ್ಟಿಗೆ ಸೇರಿಸಬೇಕು. ಸೇರಿಸಿದರೆ ಮಳೆಗಾಲಕ್ಕೆ ಅವರು ಊರಿಗೆ ಹೋದಾಗ ಆ ಶಾಲೆಯಲ್ಲಿ ಹನ್ನೊಂದು ಗಳತಿ ಎಂದು ತೋರಿಸಬೇಕು. ನನ್ನ ವಿಭಾಗದ ಅಂಕಿ ಕೆಡುತ್ತದೆ. ಹೀಗೆ ಮಾಡೆಂದು ಯಾರೂ ನನಗೆ ಹೇಳಿರಲಿಲ್ಲ. ಚಹಾ ಮಾತ್ರ ಕುಡಿದು ಬಂದೆ. ನಾಯಕರನ್ನು ಪರೀಕ್ಷೆಗಾಗಿ ಓದಿದ್ದ ನಾನು ಮತ್ತೆ ಸಾವಕಾಶವಾಗಿ ಓದಲು ಕುಳಿತದ್ದು ಅದಾದ ಮೇಲೆ.

ಸಮಾಜ ವಿಜ್ಞಾನಗಳಲ್ಲಿ ಅವರು ಮಾಡಿದ ಕೆಲಸವೇ ಇನ್ನೊಂದು ಉಪನ್ಯಾಸಕ್ಕೆ ಸಾಕು. 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಸ್ಥಾಪನೆಯಾದಾಗ ನಮ್ಮ ಪುಣೆಯ ಅರ್ಥಶಾಸ್ತ್ರ ಅಧ್ಯಯನದ ಗೋಖಲೆ ಸಂಸ್ಥೆಯ ಡಿ.ಆರ್. ಗಾಡಗೀಳರು ಮೊದಲ ಅಧ್ಯಕ್ಷರು, ನಾಯಕ್ ಮೊದಲ ಸದಸ್ಯ-ಕಾರ್ಯದರ್ಶಿ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಗೂ ಈ ಮಂಡಳಿಯ ಬೆಂಬಲ ದೊರೆಯಿತು. ಮಹಿಳೆಯರ ಸ್ಥಾನಮಾನ ಕುರಿತ ಸಮಿತಿ ವರದಿ ಒಪ್ಪಿಸಿದ ಮೇಲೆ ಅದರ ಸದಸ್ಯ-ಕಾರ್ಯದರ್ಶಿ ವೀಣಾ ಮಜುಂದಾರ್ ಅವರ ನೇತೃತ್ವದಲ್ಲಿ ಮಹಿಳಾ ಅಧ್ಯಯನವನ್ನು ಮಂಡಳಿಯೇ ಮುಂದುವರಿಸಿತು. ವರದಿ ಮುಗಿದರೂ ಲೆಕ್ಕ ಮುಚ್ಚಬಾರದು ಎಂಬ ನಾಯಕರ ರೀತಿ ಅಲ್ಲಿಯೂ ಕಾಣುತ್ತದೆ. 1974ರಲ್ಲಿ ಪದ್ಮಭೂಷಣ ಬಂತು. 1981ರ ಆಗಸ್ಟ್ 30ರಂದು ಅವರು ತೀರಿಕೊಂಡರು.

ಇನ್ನು ಪ್ರಶ್ನೆಗಳು. ಇಂದಿನ ನೀತಿಯಲ್ಲಿ ನಾಯಕರದ್ದು ಏನಾದರೂ ಉಳಿದಿದೆಯೇ ಎಂದು ಒಬ್ಬ ತಾಯಿ ಕೇಳಿದರು. ಉಳಿದಿದೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ 4ನೆಯ ಕಲಮಿನ ಪ್ರಕಾರ ಶಾಲೆಗೆ ಹೋಗದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಇದು ಅವರ ಎರಡನೆಯ ಬಾಗಿಲೇ, ಈ ಬಾರಿ ಮುಖ್ಯ ಶಾಲೆಯ ಗೋಡೆಯಲ್ಲೇ ತೆರೆದದ್ದು. 2020ರ ನೀತಿಯಲ್ಲಿ ಬೇಕಾದಾಗ ಒಳಬಂದು ಬೇಕಾದಾಗ ಹೊರಹೋಗುವ ಸೌಲಭ್ಯ ಎಂದು ಬಹಳ ಚರ್ಚೆಯಾದದ್ದು ಪದವಿ ವಿದ್ಯಾರ್ಥಿಗಳಿಗಾಗಿ. ನಾಯಕ್ ಅದನ್ನು ಕೇಳಿದ್ದು ದನ ಕಾಯುವ ಹುಡುಗನಿಗಾಗಿ.

ಎರಡನೆಯದಾಗಿ, ಓದುವುದಾದರೆ ಯಾವುದರಿಂದ ಶುರುಮಾಡಬೇಕು ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ದಪ್ಪ ವರದಿಯಿಂದ ಬೇಡ. ಪ್ರಾಥಮಿಕ ಶಿಕ್ಷಣದ ಮೇಲೆ ಅವರು ಬರೆದ ಎರಡು ಸಣ್ಣ ಪುಸ್ತಕಗಳಿಂದ ಶುರುಮಾಡಪ್ಪ ಎಂದೆ. ಎರಡೂ ಇಂಗ್ಲಿಷಿನಲ್ಲಿವೆ. 1966ರದಕ್ಕೆ "ಮುಗಿಯದ ಕೆಲಸ" ಎಂಬರ್ಥದ ಉಪಶೀರ್ಷಿಕೆ ಇದೆ, 1975ರದಕ್ಕೆ "ಉಳಿಸಿಕೊಳ್ಳಬೇಕಾದ ಮಾತು" ಎಂಬರ್ಥದ್ದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮೊದಲಿನದರಲ್ಲಿ ಹಾಕಿದ ಲೆಕ್ಕ ಒಂಬತ್ತು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಎರಡನೆಯದರಲ್ಲಿ ಹುಡುಕುತ್ತ ಓದಬೇಕು. ಪಕ್ಕದಲ್ಲಿ ಒಂದು ಪೆನ್ಸಿಲ್ಲು, ಕಾಗದ ಇರಲಿ.